ತುದಿಯವರೆಗೂ ಹೂ

ಹಾವಿಗೆ, ಹಲ್ಲಿನ ಡಾಕ್ಟರಿಗೆ, ನಮ್ಮ ಮೇಡಂಗೆ ಹೆದರುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಕಂಪ್ಯೂಟರ್ ಪರದೆಯ ತಳಕ್ಕೆ ಅಂಟಿಕೊಂಡು ಮಲಗಿದ್ದ ಒಂದು ಗೆರೆಗೆ ಹೆದರಿದ್ದು ಮಾತ್ರ ಅದೇ ಮೊದಲು.

ಆ ಗೆರೆ ಜೆ.ಪಿ. ನಗರದ ಒಂದು ಅಡ್ಡರಸ್ತೆಯ ಟಬೂಬಿಯಾ ಮರದ್ದು. ಎಲೆ ಉದುರಿಸಿ ಮೈತುಂಬ ಗುಲಾಬಿ ಬಣ್ಣದ ಹೂ ಬಿಡುತ್ತದಲ್ಲ, ಜನ ಸ್ಕೂಟರ್ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರಲ್ಲ, ಆ ಜಾತಿ. ಮರ ಯಾವಾಗ ಚಿಗುರಬೇಕು, ಯಾವಾಗ ಹೂ ಬಿಡಬೇಕು ಎಂಬುದನ್ನು ಅದರ ಜೀನುಗಳು ಹೇಗೆ ತೀರ್ಮಾನಿಸುತ್ತವೆ ಎನ್ನುವುದು ನಮ್ಮ ಪ್ರಯೋಗಾಲಯದ ಪ್ರಶ್ನೆ. ಪ್ರಶ್ನೆ ಮೇಡಂ ಅವರದ್ದು, ಏಣಿ ಹತ್ತುವುದು ನನ್ನದು.

ವಾರಕ್ಕೊಮ್ಮೆ, ಸಂಜೆ ಬಿಸಿಲು ಇಳಿಯುವ ಅದೇ ಹೊತ್ತಿಗೆ ಹೋಗಬೇಕು. ಈ ಜೀನುಗಳು ಬೆಳಿಗ್ಗೆ ಒಂದು ಮಾತಾಡುತ್ತವೆ, ಸಂಜೆ ಇನ್ನೊಂದು. ಹೊತ್ತು ತಪ್ಪಿದರೆ ಹೋಲಿಕೆಯೇ ತಪ್ಪುತ್ತದೆ. ಉದ್ದ ಕೋಲಿನ ತುದಿಗೆ ಕಟ್ಟಿದ ಕತ್ತರಿಯಿಂದ ಮೊಗ್ಗು ಕತ್ತರಿಸಿ, ಕೆಳಗೆ ಬಿದ್ದ ತಕ್ಷಣ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ದ್ರವ ಸಾರಜನಕ ತುಂಬಿದ ಫ್ಲಾಸ್ಕಿಗೆ ಹಾಕಬೇಕು. ತಡವಾದರೆ ಮೊಗ್ಗಿನೊಳಗೆ ಜೀನು ಬರೆದಿಟ್ಟ ಸಂದೇಶ ಬಿಸಿಲಿಗಿಟ್ಟ ಐಸ್‌ಕ್ರೀಮಿನಂತೆ ಕರಗಿಹೋಗುತ್ತದೆ. ಲ್ಯಾಬಿಗೆ ತಂದು, ಹೊಗೆಯಾಡುವ ಒರಳಿನಲ್ಲಿ ಕುಟ್ಟಿ ಪುಡಿ ಮಾಡಿ, ಆ ಸಂದೇಶವನ್ನು ಬೇರ್ಪಡಿಸಿ, ಯಂತ್ರಕ್ಕೆ ಹಾಕಿದರೆ ಯಾವ ಜೀನು ಎಷ್ಟು ಕೂಗಾಡುತ್ತಿದೆ ಎಂದು ಗೆರೆಯಾಗಿ ಬರುತ್ತದೆ.

ನಮಗೆ ಮುಖ್ಯವಾದವು ಎರಡು. ಎಲೆಯಲ್ಲಿ ತಯಾರಾಗಿ ಮೊಗ್ಗಿಗೆ ಬಂದು ‘ಹೂವಾಗು’ ಅನ್ನುವುದು ಒಂದರ ಕೆಲಸ. ಮೊಗ್ಗಿನೊಳಗೇ ಕೂತು ‘ತಡಿ, ಇನ್ನೂ ಬೆಳೆಯೋದಿದೆ’ ಅನ್ನುವುದು ಇನ್ನೊಂದು. ಅವಕ್ಕೆ ಉದ್ದುದ್ದ ಹೆಸರುಗಳಿವೆ. ನಾನು ಹೂಜೀನು, ತಡಿಜೀನು ಎಂದು ಕರೆಯುತ್ತಿದ್ದೆ. ಮಿಮಿಕ್ರಿ ನನ್ನ ಚಟ. ಮೊದಲನೆಯದಕ್ಕೆ ಮದುವೆ ದಲ್ಲಾಳಿಯ ಗಂಟಲು ಕೊಟ್ಟಿದ್ದೆ, ಎರಡನೆಯದಕ್ಕೆ ಮೇಡಂ ಅವರದ್ದು. ಲ್ಯಾಬಿನಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆ ಇತ್ತು, ಮೇಡಂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ದಿನದವರೆಗೆ.

ತಮಾಷೆ ಬಿಟ್ಟು ಹೇಳುವುದಾದರೆ, ಒಂದೇ ವರ್ಷ ಬಾಳುವ ಗಿಡಕ್ಕೆ ಈ ‘ತಡಿ’ಯ ಗೊಡವೆ ಅಷ್ಟಾಗಿ ಬೇಡ. ಹೂ ಬಿಟ್ಟು ಬೀಜ ಕಟ್ಟಿದರೆ ಮುಗಿಯಿತು. ಮರಕ್ಕೆ ಅದಿಲ್ಲದೆ ಆಗುವುದಿಲ್ಲ. ಎಷ್ಟೇ ಹೂ ಬಿಟ್ಟರೂ ಕೆಲವು ಮೊಗ್ಗುಗಳನ್ನು ಮರ ಎಲೆಗೆಂದು ಎತ್ತಿಟ್ಟುಕೊಳ್ಳುತ್ತದೆ. ಮುಂದಿನ ವರ್ಷ ಬದುಕಿರುತ್ತೇನೆ ಎಂಬ ಲೆಕ್ಕಾಚಾರ ಅದು.

ಪರದೆಯ ತಳದಲ್ಲಿ ಮಲಗಿದ್ದದ್ದು ತಡಿಜೀನಿನ ಗೆರೆ.

ಆ ಮರ ಚಳಿಗಾಲ ಮುಗಿಯುವಾಗ ಒಮ್ಮೆ ಹೂ ಬಿಟ್ಟಿತ್ತು. ಅದು ವಾಡಿಕೆ. ಆಮೇಲೆ ಚಿಗುರಬೇಕಾದ ಕಾಲದಲ್ಲಿ, ಮುಂಗಾರಿಗೆ ಮೊದಲಿನ ಆ ಸೆಕೆಯಲ್ಲಿ, ಎರಡನೇ ಸಲ ತಲೆತುಂಬ ಹೂ. ರಸ್ತೆಗೆ ರಸ್ತೆಯೇ ಸಂಭ್ರಮಪಟ್ಟಿತು. ಎಲ್ಲರಿಗಿಂತ ಹೆಚ್ಚು ಸಂಭ್ರಮ ನಿವಾಸಿಗಳ ಸಂಘದ ಅಧ್ಯಕ್ಷರಿಗೆ. ಬಡಾವಣೆ ಬರುವ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಅದೇ ನೆಲದಲ್ಲಿ ಬಾಡಿಗೆ ಬೆಳೆಯುತ್ತಾರೆ. ಹಿಂದಿನ ವರ್ಷ ರಸ್ತೆಯ ಚರಂಡಿ ಹೊಸದಾಗಿ ಕಟ್ಟಿದವರು ಮಣ್ಣು, ಕಲ್ಲು ಹಾಗೇ ಬಿಟ್ಟು ಹೋದಾಗ ಇವರು ಸ್ವಂತ ಖರ್ಚಿನಲ್ಲಿ ಮರದ ಸುತ್ತ ಮಣ್ಣು ತುಂಬಿಸಿ, ಕಲ್ಲುಚಪ್ಪಡಿ ಹಾಸಿ, ಕಟ್ಟೆ ಕಟ್ಟಿಸಿದ್ದರು. ವಾಕಿಂಗ್ ಬಂದವರು ಕೂರಲಿ ಎಂದು.

“ನೋಡಪ್ಪಾ ಸೈಂಟಿಸ್ಟು,” ಎನ್ನುತ್ತಿದ್ದರು, ನಾನು ಏಣಿ ಇಡುವಾಗ. “ಕಟ್ಟೆ ಕಟ್ಟಿಸ್ದೆ, ಎರಡು ಸಲ ಹೂ ಬಿಡ್ತು. ಕಟ್ಟೆ ಕಾಲ್ಗುಣ! ನಿಮ್ ಮೇಡಂಗೆ ಹೇಳು, ಜೀನು ಗೀನು ಏನಿಲ್ಲ, ಮರಕ್ಕೂ ಸ್ವಲ್ಪ ಮರ್ಯಾದೆ ಕೊಡ್ಬೇಕು ಅಷ್ಟೇ ಅಂತ.”

ಮರಕ್ಕೂ ಮನೆಯ ಕಾಂಪೌಂಡಿಗೂ ನಡುವಿನ ಫುಟ್‌ಪಾತಿನಲ್ಲಿ ಇಸ್ತ್ರಿ ಅಕ್ಕನ ಮೇಜು. ಇದ್ದಿಲ ಇಸ್ತ್ರಿಪೆಟ್ಟಿಗೆ, ಬಟ್ಟೆಯ ಗಂಟುಗಳು, ಒಂದು ರೇಡಿಯೊ. ನನ್ನನ್ನು ಕಂಡರೆ ಅಕ್ಕನಿಗೆ ಮನರಂಜನೆ.

“ಬಂದ ನೋಡು ಮೊಗ್ಗುಗಳ್ಳ. ಇವತ್ತು ಯಾರ ವಾಯ್ಸು?”

ಅಧ್ಯಕ್ಷರು ಅತ್ತ ತಿರುಗಿದ ಮೇಲೆ ಅಧ್ಯಕ್ಷರನ್ನು ಮಾಡಿ ತೋರಿಸುತ್ತಿದ್ದೆ. ಆಮೇಲೆ ಅಕ್ಕನನ್ನೇ ಮಾಡುತ್ತಿದ್ದೆ, ಸುಕ್ಕಾದ ಶರ್ಟನ್ನು ಬೈಯುವ ಹಾಗೆ. ಅಕ್ಕ ನೀರು ಚಿಮುಕಿಸುವ ಕೈಯಲ್ಲೇ ನನ್ನ ಮುಖಕ್ಕೂ ಚಿಮುಕಿಸುತ್ತಿದ್ದಳು.

ಗೆರೆ ನೋಡಿದ ಮೇಡಂ ನನ್ನ ಮುಖ ನೋಡಿದರು. “ಲೇಬಲ್ ಅದಲುಬದಲು ಮಾಡಿದೀಯ.”

“ಇಲ್ಲ ಮೇಡಂ.”

“ಮೊದ್ಲು ನಿನ್ನ ಕೈ ಮೇಲೆ ಡೌಟ್ ಪಡು. ಆಮೇಲೆ ಮರದ ಮೇಲೆ.”

ಡೌಟ್ ಪಟ್ಟೆ. ಹೊಸದಾಗಿ ಮೊಗ್ಗು ತಂದು, ಹೊಸ ಕೈಗವಸು, ಹೊಸ ರಾಸಾಯನಿಕ, ಪಕ್ಕದಲ್ಲೇ ಜಯನಗರದ ಪಾರ್ಕಿನ ಇನ್ನೊಂದು ಟಬೂಬಿಯಾದ ಮೊಗ್ಗು. ಪಾರ್ಕಿನ ಮರದಲ್ಲಿ ತಡಿಜೀನು ತನ್ನ ಪಾಡಿಗೆ ಗೊಣಗುತ್ತಿತ್ತು. ನಮ್ಮ ಮರದ ಕಾಂಪೌಂಡ್ ಕಡೆಯ ಕೊಂಬೆಗಳಲ್ಲಿ ಪಿಸುಗುಟ್ಟುತ್ತಿತ್ತು. ರಸ್ತೆ ಕಡೆಯ ಕೊಂಬೆಗಳಲ್ಲಿ ಉಸಿರೇ ಇಲ್ಲ. ಮೂರನೇ ಸಲ ಮಾಡಿದೆ. ಅದೇ. ಕೊನೆಗೆ ರಸ್ತೆ ಕಡೆಯ ಎಳೆಮೊಗ್ಗುಗಳನ್ನು ಬ್ಲೇಡಿನಿಂದ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಲೆಯಾಗಬೇಕಿದ್ದ ಮೊಗ್ಗುಗಳಲ್ಲಿ ಪುಟಾಣಿ ಹೂಗಳು ಒತ್ತೊತ್ತಾಗಿ ಕೂತಿದ್ದವು. ಮರ ತನ್ನ ಅರ್ಧ ಮೈಯಲ್ಲಿ ಎತ್ತಿಟ್ಟದ್ದನ್ನೆಲ್ಲ ತೆಗೆದು ಖರ್ಚು ಮಾಡಿಬಿಟ್ಟಿತ್ತು.

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದನ್ನೂ ನೋಡಿದರು. ಆಮೇಲೆ ಹೇಳಿದರು: “ಹಠ ಹಿಡಿದ ಮಾವಿನ ಕೊಂಬೆಗೆ ಸುತ್ತ ತೊಗಟೆ ಕೊಯ್ದು ಹೂ ಬಿಡಿಸ್ತಾರೆ, ಗೊತ್ತಾ? ಎಲೆ ಮಾಡಿದ ಸಕ್ಕರೆ ಕೆಳಗೆ ಇಳಿಯೋ ದಾರಿ ಮುಚ್ಚೋಗತ್ತೆ. ಬೇರಿಂದ ಮೇಲೆ ಬರೋದೂ ಏರುಪೇರಾಗತ್ತೆ. ಮರ ಗಾಬರಿಯಾಗಿ ಹೂ ಬಿಡತ್ತೆ. ಇದೂ ಹಾಗೇ ಕಾಣ್ತಿದೆ.”

“ಆದ್ರೆ ಒಂದೇ ಕಡೆ ಯಾಕೆ ಮೇಡಂ?”

“ಎಷ್ಟೋ ಮರಗಳಲ್ಲಿ ಆ ಕಡೆ ಬೇರು ಆ ಕಡೆ ಕೊಂಬೆಗೇ ಹೆಚ್ಚು ಊಟ ಹಾಕತ್ತೆ. ರಸ್ತೆ ಕಡೆ ಏನಿದೆ?”

“ಚರಂಡಿ.” ಹೇಳುವಾಗಲೇ ಹೊಳೆಯಿತು. ಚರಂಡಿ ಅಗೆದಾಗ ಆ ಕಡೆಯ ಬೇರು ಕತ್ತರಿಸಿದ್ದರೆ ಮರವನ್ನು ರಸ್ತೆಯ ಕಡೆಯಿಂದ ಹಿಡಿದೆಳೆಯುವ ಹಗ್ಗವೇ ಇಲ್ಲ. ಗಾಳಿ ಬಂದರೆ ಮರ ಈಚೆ ಕಡೆ, ಕಾಂಪೌಂಡಿನ ಕಡೆ ಬೀಳುತ್ತದೆ. ಅಲ್ಲಿ ಅಕ್ಕನ ಮೇಜಿದೆ.

“ಊಹೆ ಅಷ್ಟೇ,” ಎಂದರು ಮೇಡಂ. “ಜೀನ್ ನೋಡಿ ಬೇರಿನ ಕಥೆ ಹೇಳೋಕಾಗಲ್ಲ. ಕಟ್ಟೆ ಬಿಚ್ಚಿ ನೋಡ್ಬೇಕು. ಮತ್ತೆ ನೀನು, ಆ ಮರಕ್ಕೆ ಏಣಿ ಇಡ್ಬೇಡ.”

“ಸೀಸನ್ ಮುಗಿಯೋಕೆ ಇನ್ನೂ...”

“ಇಡ್ಬೇಡ ಅಂದೆ.”

ವರ್ಷಪೂರ್ತಿ ಎಡೆಬಿಡದೆ ಮಾದರಿ ತೆಗೆದಿದ್ದ ಮರ ಅದೊಂದೇ. ಅದನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟರು. ಮೇಡಂ ಅವರೂ ಹೆದರಿದ್ದಾರೆ ಎಂದು ಗೊತ್ತಾದ ಮೇಲೆ ನನ್ನ ಹೆದರಿಕೆಗೆ ಕೈಕಾಲು ಬಂತು.

ಮರುದಿನ ಹೋಗಿ ಕಟ್ಟೆಯ ಸುತ್ತ ನೋಡಿದೆ. ಚರಂಡಿ ಕಡೆಯ ಎರಡು ಚಪ್ಪಡಿಗಳ ನಡುವೆ ಸಣ್ಣ ಸಂದು. ಮೊದಲು ಅದರಲ್ಲಿ ನನ್ನ ಬಸ್ ಪಾಸ್ ತೂರಿಸಿ ಆಟವಾಡಿದ್ದು ನೆನಪಿತ್ತು. ಈಗ ಬೆರಳು ಹೋಯಿತು. ಗಾಳಿ ಸ್ವಲ್ಪ ಬೀಸಿದಾಗ ಬೆರಳು ಅಲ್ಲೇ ಇತ್ತು. ಕಲ್ಲು ನನ್ನ ಬೆರಳನ್ನು ಮೆಲ್ಲಗೆ ಒತ್ತಿ ಬಿಟ್ಟಿತು. ಕೈ ಕಿತ್ತುಕೊಂಡೆ.

ಅಧ್ಯಕ್ಷರ ಮನೆಗೆ ಹೋದೆ. ಸುಮ್ಮನೆ ಹೋದದ್ದಲ್ಲ, ಗ್ರಾಫ್ ಪ್ರಿಂಟ್ ಮಾಡಿಕೊಂಡು ಹೋದೆ. ಅವರು ಅದನ್ನು ತಿರುವಿ ನೋಡಿದರು.

“ಏನಪ್ಪಾ ಇದು, ಇಸಿಜಿನಾ?”

“ಮರದ್ದು ಸಾರ್. ಬೇರು ಕಟ್ ಆಗಿರ್ಬೋದು. ಕಟ್ಟೆ ಒಂದ್ಸಲ ಬಿಚ್ಚಿ...”

“ಸಂದು ಬಿಟ್ಟಿದ್ರೆ ಮೇಸ್ತ್ರಿ ಕೆಲಸ ಸರಿ ಮಾಡಿಲ್ಲ ಅಷ್ಟೇ. ಸಿಮೆಂಟ್ ಹಾಕಿಸ್ತೀನಿ. ಹೂ ನೋಡೋ ತಲೆ ಎತ್ತಿ! ಸಾಯೋ ಮರ ಹಿಂಗೆ ನಗತ್ತೇನೋ?”

ಮರಗಳ ದೂರು ನೋಡುವ ಕಚೇರಿಗೂ ಫೋಟೊ ಹಾಕಿ ಬರೆದೆ. ‘ಮರ ಹೂ ಬಿಟ್ಟಿದೆ, ಆರೋಗ್ಯವಾಗಿದೆ’ ಎಂದು ಉತ್ತರ ಬಂತು, ದೂರು ಮುಕ್ತಾಯವಾಯಿತು. ತಪ್ಪು ಹೇಳುವ ಹಾಗೂ ಇರಲಿಲ್ಲ. ನನ್ನದೇ ಫೋಟೊ. ಮರ ನಿಜಕ್ಕೂ ಸಖತ್ತಾಗಿ ಕಾಣುತ್ತಿತ್ತು.

ಒಂದು ಆಸೆ ಬಂತು. ಅಧ್ಯಕ್ಷರಿಗೆ ಫೋನ್ ಮಾಡಿ, ಯಾವುದೋ ದೊಡ್ಡ ಸಾಹೇಬರ ಗಂಟಲಿನಲ್ಲಿ, “ರೀ, ಕಟ್ಟೆ ನಾಳೆನೇ ಒಡೀರಿ” ಅಂದುಬಿಟ್ಟರೆ? ನನ್ನಿಂದ ಆಗುತ್ತಿತ್ತು. ಕೆಮ್ಮು ಸಮೇತ ಆಗುತ್ತಿತ್ತು. ಫೋನ್ ಕೈಯಲ್ಲಿ ಹಿಡಿದು, ನಂಬರ್ ಒತ್ತಿ, ಒಂದು ರಿಂಗ್ ಆಗುವಷ್ಟರಲ್ಲಿ ಕತ್ತರಿಸಿದೆ. ಸಿಕ್ಕಿಬಿದ್ದರೆ ಮರದ ವಿಷಯವೂ ನನ್ನ ಇನ್ನೊಂದು ಮಿಮಿಕ್ರಿ ಆಗಿಬಿಡುತ್ತದೆ. ಆಮೇಲೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ.

ಉಳಿದದ್ದು ಅಕ್ಕ. ನೇರವಾಗಿ ಹೇಳಿದೆ. “ಅಕ್ಕ, ಈ ಮರ ಬೀಳತ್ತೆ. ನಿಮ್ಮ ಕಡೆಗೇ ಬೀಳತ್ತೆ. ಮೇಜು ಬೇರೆ ಕಡೆ ಹಾಕ್ಕೊಳ್ಳಿ.”

ಅಕ್ಕ ನಕ್ಕು ನಕ್ಕು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. “ಸೂಪರ್ ಕಣೋ! ಇದ್ಯಾರು, ಬೆಳಿಗ್ಗೆ ಟೀವಿಲಿ ಬರೋ ಜ್ಯೋತಿಷಿನಾ? ಮುಖ ಕೂಡ ಹಂಗೇ ಮಾಡ್ತೀಯ!”

“ಯಾರೂ ಅಲ್ಲ ಅಕ್ಕ. ನಾನೇ.”

“ಬಿಡೋ ಬಿಡೋ. ಪರಿಹಾರ ಏನು, ಅದನ್ನೂ ಹೇಳು. ಎಳ್ಳು ದೀಪನಾ?”

ನಾನು ನಗದೇ ಇದ್ದದ್ದು ಕಂಡ ಮೇಲೆ ನಗು ನಿಂತಿತು. ನಂಬಿಕೆ ಮಾತ್ರ ಬರಲಿಲ್ಲ. “ನೋಡು ಮಗಾ, ಈ ಜಾಗ ಹಿಡಿಯೋಕೆ ನಾನು ಪಟ್ಟ ಪಾಡು ನನಗೆ ಗೊತ್ತು. ಈ ರಸ್ತೆಲಿ ಯಾವ ಗೇಟ್ ಮುಂದೆ ನಿಂತ್ರೂ ‘ಹೋಗಮ್ಮಾ ಮುಂದೆ’ ಅಂತಾರೆ. ಇಲ್ಲಿ ನೆರಳಿದೆ. ಬಟ್ಟೆ ಕೊಡೋರಿಗೆ ಇಲ್ಲೇ ಅಂತ ಗೊತ್ತು. ಹೂ ಬಿಟ್ಟಿರೋ ಮರ ಬೀಳತ್ತೆ ಅಂತ ಎದ್ದು ಹೋಗ್ಲಾ?”

ಮಧ್ಯಾಹ್ನದ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಮೋಡ ಕಟ್ಟತೊಡಗಿದ ದಿನಗಳು ಅವು. ಕಟ್ಟುತ್ತಿತ್ತು, ಚದುರುತ್ತಿತ್ತು. ಲ್ಯಾಬಿನ ಕಿಟಕಿ ಬಡಿದುಕೊಂಡರೆ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ. ಮಾಡಿದ ಕೆಲಸವೆಲ್ಲ ಹಾಳಾಗುತ್ತಿತ್ತು. ಇಸ್ತ್ರಿ ಅಕ್ಕನ ರೇಡಿಯೊ ಕೆಳಗೆ ಬಿದ್ದು ಹಾಡುತ್ತಲೇ ಇರುವ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಯಾಕೋ ಅಕ್ಕ ಅದರಲ್ಲಿ ಕಾಣುತ್ತಿರಲಿಲ್ಲ. ರೇಡಿಯೊ ಮಾತ್ರ.

ಕೊನೆಗೆ ಮೇಡಂಗೆ ಹೇಳಿದೆ: “ನಾನು ಅಲ್ಲೇ ಹೋಗಿ ಕೂತ್ಕೊಳ್ತೀನಿ.”

“ಎಲ್ಲಿ?”

“ಮರದ ಕೆಳಗೆ.”

ಮೇಡಂ ಬೈದರು. ನಾನು ಹೋದೆ. ಧೈರ್ಯ ಎಂದು ಯಾರೂ ತಪ್ಪು ತಿಳಿಯಬಾರದು. ಲ್ಯಾಬಿನಲ್ಲಿ ಕೂತು ಹೆದರುವುದಕ್ಕಿಂತ ಅಲ್ಲೇ ಕೂತು ಹೆದರುವುದು ವಾಸಿ ಅನ್ನಿಸಿತ್ತು, ಅಷ್ಟೇ. ಲ್ಯಾಬಿನ ಪ್ಲಾಸ್ಟಿಕ್ ಸ್ಟೂಲೊಂದನ್ನು ಅಕ್ಕನ ಮೇಜಿನ ಪಕ್ಕ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಏನೂ ಓದಲಾಗಲಿಲ್ಲ. ಕಿವಿ ಪೂರ್ತಿ ಕಟ್ಟೆಯ ಕಡೆಗಿತ್ತು. ಗಾಳಿ ಬಂದಾಗಲೆಲ್ಲ ಕಲ್ಲು ಕಲ್ಲಿಗೆ ಉಜ್ಜುವ ಸಣ್ಣ ಸದ್ದು, ಯಾರೋ ಹಲ್ಲು ಕಡಿದ ಹಾಗೆ. ಅಂಗಿ ಬೆನ್ನಿಗೆ ಅಂಟಿತು.

“ನೀನ್ಯಾಕೋ ಇಲ್ಲಿ ಕೂತಿದೀಯ?”

“ನೀವು ನಿಂತಿದೀರಲ್ಲ.”

“ನಾನು ಕೆಲಸಕ್ಕೆ ನಿಂತಿದೀನಿ.”

“ನಾನೂ ಕೆಲಸಕ್ಕೇ ಕೂತಿದೀನಿ.”

“ಬೀಳತ್ತೆ ಅಂದೆ?”

“ಬೀಳತ್ತೆ.”

“ಮತ್ತೆ ಏಳೋ ಮೇಲೆ!”

“ನೀವು ಎದ್ರೆ ಏಳ್ತೀನಿ.”

ಅಕ್ಕ ಎರಡು ಶರ್ಟು ಮಡಚಿದಳು. ನನ್ನ ಮುಖ ನೋಡಿದಳು. ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಮರ ನೋಡಿದಳು. ಬೆವರಿನಲ್ಲಿ ತೊಯ್ದು ಕೂತಿದ್ದ ನನ್ನಂಥ ಬಾಯಿಬಡುಕ ಒಂದು ಗಂಟೆಯಿಂದ ಒಬ್ಬರನ್ನೂ ಅಣಕಿಸಿರಲಿಲ್ಲ. ಅದು ಗ್ರಾಫಿಗಿಂತ ಜೋರಾಗಿ ಹೇಳಿತೋ ಏನೋ.

“ಹಾಳಾದೋನೇ,” ಎಂದಳು. “ನನ್ ಮೇಲೆ ಬಿದ್ರೆ ನನ್ ಹಣೆಬರಹ. ನಿನ್ ಮೇಲೆ ಬಿದ್ರೆ ನಿಮ್ಮಮ್ಮಂಗೆ ನಾನೇನೋ ಹೇಳ್ಲಿ? ಇಸ್ತ್ರಿ ಮಾಡ್ಕೊಂಡು ನಿಂತಿದ್ದೆ ಅಂತ ಹೇಳ್ಲಾ?”

ಹೋಗಿ ಅಧ್ಯಕ್ಷರ ಮನೆಯ ಬೆಲ್ ಒತ್ತಿದಳು. ಅವರ ಮನೆ ಎರಡು ಗೇಟು ಆಚೆ. “ಅಣ್ಣಾ, ಈ ಹುಡುಗ ಸಾಯ್ತೀನಿ ಅಂತ ಮರದ ಕೆಳಗೆ ಕೂತವ್ನೆ. ನಾನು ಎದ್ರೆ ಏಳ್ತಾನಂತೆ. ಎರಡು ದಿನ ನಿಮ್ ಗೇಟ್ ಮುಂದೆ ಮೇಜು ಹಾಕ್ಕೊಳ್ಳಾ?”

ಅಧ್ಯಕ್ಷರು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. “ಲೋ, ನನ್ ಕಟ್ಟೆಗೆ ಕೆಟ್ಟ ಹೆಸರು ತರ್ತೀಯಲ್ಲೋ.” ಆದರೂ ಮೇಜಿನ ಒಂದು ಕಡೆ ಅವರೇ ಹಿಡಿದರು. ಇನ್ನೊಂದು ಕಡೆ ನಾನು. ಅಕ್ಕ ಕೆಂಡದ ಪೆಟ್ಟಿಗೆ ಹಿಡಿದು, ದಾರಿಯುದ್ದಕ್ಕೂ ನನ್ನ ವಂಶವನ್ನು ಜಾಲಾಡುತ್ತ ಬಂದಳು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನವೂ ಇಲ್ಲ. ಬಟ್ಟೆ ಕೊಡಲು ಬಂದವರೆಲ್ಲ “ಏನಕ್ಕಾ, ಬಿತ್ತಾ?” ಎಂದು ಕೇಳಿ ನಕ್ಕರು. “ಇವನ ಬಾಯಲ್ಲಿ ಬಿತ್ತು, ಇನ್ನೂ ನೆಲಕ್ಕೆ ಬಂದಿಲ್ಲ,” ಎಂದಳು ಅಕ್ಕ. ಬಿಸಿಲಿನಲ್ಲಿ ನಿಂತು ಅವಳ ಮುಖ ಕಪ್ಪಿಟ್ಟಿತ್ತು. ಇನ್ನೊಂದು ದಿನ ನೋಡಿ ವಾಪಸ್ ಹೋಗ್ತೀನಿ ಎಂದೂ ಹೇಳಿದಳು. ನನಗೆ ಎರಡು ಹೆದರಿಕೆ: ಮರ ಬೀಳುತ್ತದೆ ಎಂಬುದು, ಬೀಳದೆ ಹೋದರೆ ಅಕ್ಕ ವಾಪಸ್ ಹೋಗುತ್ತಾಳೆ ಎಂಬುದು.

ಮರುದಿನ ಸಂಜೆ ಮಳೆಗೆ ಮೊದಲು ಗಾಳಿ ಬಂತು. ಧೂಳು, ಪ್ಲಾಸ್ಟಿಕ್ ಕವರು, ಒಣಗಿದ ಎಲೆ ಎಲ್ಲ ರಸ್ತೆಯುದ್ದಕ್ಕೂ ಓಡಿದವು. ಕಟ್ಟೆಯ ಮೇಲೆ ಕೂತಿದ್ದವರು ಕಣ್ಣುಜ್ಜಿಕೊಂಡು ಎದ್ದು ಮನೆಗೆ ಹೋದರು. ನಾನು ಅಕ್ಕನ ಗಂಟುಗಳನ್ನು ಅಧ್ಯಕ್ಷರ ಗೇಟಿನೊಳಗೆ ಎಳೆಯುತ್ತಿದ್ದೆ. ಮರ ಮುರಿದ ಸದ್ದೇ ಬರಲಿಲ್ಲ. ಚಪ್ಪಡಿ ಏಳುವ ಸದ್ದು ಬಂತು. ತಿರುಗಿ ನೋಡಿದರೆ ಚರಂಡಿ ಕಡೆಯ ಕಲ್ಲುಗಳು ಬಾಯಿ ತೆರೆದ ಹಾಗೆ ಮೇಲೆದ್ದಿದ್ದವು. ಮರ ಅವಸರವಿಲ್ಲದೆ, ವಯಸ್ಸಾದವರು ಮಂಚದ ಮೇಲೆ ಒರಗುವ ಹಾಗೆ ಒರಗುತ್ತಿತ್ತು. ಅರ್ಧಕ್ಕೆ ಬಂದ ಮೇಲೆ ಅವಸರ ಮಾಡಿತು.

ಕಾಂಪೌಂಡ್ ಗೋಡೆ ಪುಡಿಯಾಯಿತು. ಅಕ್ಕನ ಮೇಜಿದ್ದ ಜಾಗದಲ್ಲಿ ಕಾಂಡ ಮಲಗಿತ್ತು. ಅಷ್ಟನ್ನು ಗ್ರಾಫ್ ಹೇಳಿತ್ತು. ಬೀಳುವಾಗ ಮರ ಹೊರಳುತ್ತದೆ ಎಂದು ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ತುದಿಯ ಕೊಂಬೆಗಳು ಎರಡು ಗೇಟು ದಾಟಿ ನಮ್ಮವರೆಗೂ ಬಂದು ಮೇಜಿನ ಮೇಲೆ ಬಡಿದವು. ಇಸ್ತ್ರಿಪೆಟ್ಟಿಗೆ ಉರುಳಿ ಕೆಂಡ ಚೆಲ್ಲಿತು. ಮಡಚಿಟ್ಟಿದ್ದ ಬಿಳಿ ಶರ್ಟುಗಳ ಮೇಲೆಲ್ಲ ಗುಲಾಬಿ ಹೂ. ಅಕ್ಕನ ಮೊಣಕೈಯಿಂದ ರಕ್ತ ಸೋರುತ್ತಿತ್ತು. ಗೀರು ಅಷ್ಟೇ. ಅವಳು ಅದನ್ನು ನೋಡದೆ ಕಾಲಿನಿಂದ ಕೆಂಡ ಹೊಸಕುತ್ತಿದ್ದಳು. ಸಾಕಷ್ಟು ದೂರ ಎಂದು ನಾನೂ ಒಪ್ಪಿದ್ದ ಜಾಗ ಅದು.

ಮೇಡಂಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, “ಎಲ್ರೂ ಇದೀರಾ?” ಆಮೇಲೆ ಸಣ್ಣ ದನಿಯಲ್ಲಿ, “ಫ್ಲಾಸ್ಕ್ ಇದ್ಯಾ?”

ಇತ್ತು, ಪಾರ್ಕಿನ ಮರಕ್ಕೆಂದು ತುಂಬಿಸಿ ತಂದದ್ದು. ಯಾವ ಏಣಿಗೂ, ಯಾವ ಕೋಲಿಗೂ ಸಿಗದ ನೆತ್ತಿಯ ಮೊಗ್ಗುಗಳು ಈಗ ನನ್ನ ಮೊಣಕಾಲಿನ ಬಳಿ ಇದ್ದವು. ಕಿತ್ತು ಸುತ್ತಿ ಹಾಕಿದೆ. ಕೆಲವನ್ನು ಅಲ್ಲೇ ಸೀಳಿ ನೋಡಿದೆ. ಕಾಂಪೌಂಡ್ ಕಡೆಯ ಮೊಗ್ಗುಗಳಲ್ಲೂ ಈಗ ಹೂವೇ.

ಅಧ್ಯಕ್ಷರು ಮೇಲೆದ್ದ ಬುಡದ ಮುಂದೆ ನಿಂತಿದ್ದರು. ಚರಂಡಿ ಕಡೆಯ ಬೇರುಗಳನ್ನೆಲ್ಲ ಒಂದೇ ಸಾಲಿನಲ್ಲಿ, ಚರಂಡಿ ಗೋಡೆಯ ಅಳತೆಗೆ, ಅಗೆದವರು ಕತ್ತರಿಸಿದ್ದರು. ತುದಿಗಳು ಕಪ್ಪಗೆ ಕೊಳೆತು ಬೆರಳಿಗೆ ಉದುರುತ್ತಿದ್ದವು. ಅವರು ಒಂದನ್ನು ಮುಟ್ಟಿ, ಕೈ ಪಂಚೆಗೆ ಒರೆಸಿಕೊಂಡರು.

“ನಾನೇ ಮುಚ್ಚಿಸ್ದೆನಲ್ಲಪ್ಪಾ ಇದನ್ನ. ನೀಟಾಗಿರ್ಲಿ ಅಂತ ಮುಚ್ಚಿಸ್ದೆ.”

ಅಕ್ಕ ಕೇಳಿದಳು: “ಅಣ್ಣಾ, ಚರಂಡಿ ಇಲ್ಲೊಂದೇ ಅಗೆದ್ರಾ?”

“ಇಲ್ಲಮ್ಮಾ. ಬೇಕರಿವರೆಗೂ...” ಎಂದವರು ಅಲ್ಲಿಗೇ ನಿಲ್ಲಿಸಿದರು.

ಮೂವರೂ ಒಟ್ಟಿಗೆ ತಿರುಗಿದೆವು. ರಸ್ತೆಯ ಕೊನೆಯಲ್ಲಿ, ಬೇಕರಿಯ ಮುಂದೆ ಇನ್ನೊಂದು ಟಬೂಬಿಯಾ. ಅದಕ್ಕೂ ಅವರೇ ಕಟ್ಟಿಸಿದ ಕಟ್ಟೆ. ಅದಕ್ಕೂ ಹೊತ್ತಲ್ಲದ ಹೊತ್ತಿನ ಹೂ. ಅದು ನಮ್ಮ ಪ್ರಯೋಗದ ಮರವಲ್ಲ, ನಾನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ದಪ್ಪ ಹನಿ ಬೀಳತೊಡಗಿತ್ತು. ಬಿದ್ದ ಮರ ನೋಡಲು ಮನೆಗಳಿಂದ ಬಂದವರೆಲ್ಲ ಮಳೆ ತಪ್ಪಿಸಿಕೊಳ್ಳಲು ಆ ಮರದ ಕೆಳಗೆ ಒತ್ತಿಕೊಂಡು ನಿಂತು, ನಮ್ಮ ಕಡೆ ಮೊಬೈಲ್ ಹಿಡಿದಿದ್ದರು.

ಅಕ್ಕ ಓಡಿದಳು. “ಏಳ್ರೋ ಅಲ್ಲಿಂದ! ಈಚೆ ಬನ್ರೋ!” ಯಾರೋ ನಕ್ಕರು. ಯಾರೋ “ಮಳೆ ಬರ್ತಿದೆ ಕಣಕ್ಕಾ” ಎಂದರು. ಅಧ್ಯಕ್ಷರು ಅವಳ ಹಿಂದೆಯೇ ಏದುಸಿರು ಬಿಡುತ್ತ ಹೋಗಿ, ಜೀವಮಾನದಲ್ಲಿ ಒಮ್ಮೆಯೂ ಕೂಗದವರು ಕೂಗಿದರು: “ನನ್ ಕಟ್ಟೆ ಅದು! ಇಳೀರಿ ಎಲ್ರೂ!”

ಗೊಣಗಿಕೊಂಡು ಒಬ್ಬೊಬ್ಬರಾಗಿ ಮಳೆಗೆ ಇಳಿದರು. ನಾನು ಫ್ಲಾಸ್ಕ್ ಅಪ್ಪಿಕೊಂಡು ದೂರದಲ್ಲೇ ನಿಂತು ತಲೆ ಎತ್ತಿದೆ. ರಸ್ತೆ ಕಡೆಯ ಕೊಂಬೆಗಳಲ್ಲಿ ಒಂದಾದರೂ ಎಲೆ ಇದೆಯೇ ಎಂದು ಹುಡುಕಿದೆ. ಕಣ್ಣಿಗೆ ನೀರು ಬೀಳುತ್ತಿತ್ತು. ಒರೆಸಿಕೊಂಡು ಮತ್ತೆ ಹುಡುಕಿದೆ.